ಪ್ರಶ್ನಾವಳಿಗೆ ಮುಂಚೆ ಸಲಹಾ ಮಂಡಳಿಯ ಕೆಲಸ

ಸಮುದಾಯದ ಅಗತ್ಯಗಳ ಸಮೀಕ್ಷೆ ನಡೆಸಬೇಕೆಂದು ಸ್ಥಳೀಯ ಸಲಹಾ ಮಂಡಳಿಯೊಂದು ತೀರ್ಮಾನಿಸಿದ ಕೂಡಲೇ ನಡೆಯುವ ಮೊದಲ ಕೆಲಸ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಉತ್ಸಾಹಿ ಸದಸ್ಯರೊಬ್ಬರು ಪ್ರಶ್ನಾವಳಿಯ ಕರಡು ತರುವುದಾಗಿ ಒಪ್ಪಿಕೊಳ್ಳುತ್ತಾರೆ, ಮುಂದಿನ ಸಭೆಗೆ ಹತ್ತಾರು ಪ್ರಶ್ನೆಗಳ ಹಾಳೆ ಬರುತ್ತದೆ, ಉಳಿದವರು ತಮತಮಗೆ ಪ್ರಿಯವಾದ ವಿಷಯದ ಮೇಲೆ ಇನ್ನೆರಡು ಪ್ರಶ್ನೆ ಸೇರಿಸಿ ಎಂದು ಸೂಚಿಸುತ್ತಾರೆ, ಯಾರ ಪ್ರಶ್ನೆಯನ್ನೂ ಬಿಡುವ ಧೈರ್ಯ ಅಧ್ಯಕ್ಷರಿಗೆ ಇಲ್ಲದ್ದರಿಂದ ಹಾಳೆ ಉದ್ದವಾಗುತ್ತಾ ಹೋಗುತ್ತದೆ. ನಾನು ಸದಸ್ಯನಾಗಿರುವ ಮಂಡಳಿಯಲ್ಲಿಯೂ ಈ ವಿಷಯ ಕಾರ್ಯಸೂಚಿಗೆ ಬಂದಿದೆ. ಪ್ರಶ್ನಾವಳಿ ಈ ಇಡೀ ಯೋಜನೆಯಲ್ಲಿ ಕೊನೆಗೆ ಬರಬೇಕಾದ ವಸ್ತು, ಅದಕ್ಕೂ ಮೊದಲು ಮಂಡಳಿ ಕುಳಿತು ಇತ್ಯರ್ಥಪಡಿಸಬೇಕಾದ ಸಂಗತಿಗಳು ಬೇರೆ ಇವೆ ಎಂಬುದು ನನ್ನ ಅಭಿಪ್ರಾಯ. ಸಭೆಯಲ್ಲಿ ಚುಟುಕಾಗಿ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲನೆಯದು ಅಧಿಕಾರದ ಪ್ರಶ್ನೆ. ಸಲಹಾ ಮಂಡಳಿಗೆ ಹೆಸರೇ ಹೇಳುವಂತೆ ಸಲಹೆ ಕೊಡುವ ಹಕ್ಕಷ್ಟೇ ಇರುತ್ತದೆ. ಹಣ ಮಂಜೂರು ಮಾಡುವವರು, ಸಿಬ್ಬಂದಿಯನ್ನು ನೇಮಿಸುವವರು, ಕಟ್ಟಡದ ಬಾಗಿಲು ತೆರೆಯುವ ವೇಳೆಯನ್ನು ನಿರ್ಧರಿಸುವವರು ಬೇರೆಯವರು. ಹೀಗಿರುವಾಗ ಸಮೀಕ್ಷೆಯ ವರದಿಯನ್ನು ಯಾರು ಓದುತ್ತಾರೆ, ಅವರು ಅದನ್ನು ಓದಿ ಯಾವ ನಿರ್ಧಾರ ಕೈಗೊಳ್ಳಬೇಕಿದೆ, ಆ ನಿರ್ಧಾರ ಯಾವ ತಿಂಗಳಲ್ಲಿ ಆಗುತ್ತದೆ ಎಂಬ ಮೂರು ವಿಷಯಗಳನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ, ಆಯವ್ಯಯ ಅಂಗೀಕಾರವಾದ ಮರುವಾರ ಸೊಗಸಾದ ವರದಿ ಕೈಸೇರುವುದುಂಟು. ನಿರ್ಧಾರ ಮಾಡುವವರನ್ನು ನೇರವಾಗಿಯೇ ಕೇಳಬಹುದು: ಉತ್ತರ ಹೀಗೆ ಬಂದರೆ ನೀವು ಏನು ಮಾಡುತ್ತೀರಿ, ಅದಕ್ಕೆ ವಿರುದ್ಧವಾಗಿ ಬಂದರೆ ಏನು ಮಾಡುತ್ತೀರಿ? ಎರಡಕ್ಕೂ ಒಂದೇ ಜವಾಬು ಸಿಕ್ಕರೆ ಆ ವಿಷಯದ ಮೇಲೆ ಜನರ ಸಮಯ ಕೇಳುವುದರಲ್ಲಿ ಅರ್ಥವಿಲ್ಲ. ಈ ಒಂದು ಜರಡಿಯಲ್ಲಿ ಕರಡಿನ ಅರ್ಧಕ್ಕರ್ಧ ಪ್ರಶ್ನೆಗಳು ಉದುರಿಹೋದರೂ ಆಶ್ಚರ್ಯವಿಲ್ಲ.

ಕಾನೂನೇ ಇಂಥ ಸಮೀಕ್ಷೆಯನ್ನು ಕಡ್ಡಾಯ ಮಾಡಿರುವ ಕಡೆಗಳಲ್ಲಿ ಈ ತೊಡಕು ಸ್ವಲ್ಪ ಕಡಿಮೆ. ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆಯ ಪ್ರಕಾರ ತೆರಿಗೆ ವಿನಾಯಿತಿ ಪಡೆಯುವ ಲಾಭರಹಿತ ಆಸ್ಪತ್ರೆಗಳು ಮೂರು ವರ್ಷಕ್ಕೊಮ್ಮೆ ತಮ್ಮ ಸುತ್ತಲಿನ ಸಮುದಾಯದ ಆರೋಗ್ಯ ಅಗತ್ಯಗಳನ್ನು ಅಳೆಯಬೇಕು, ಅಳೆದು ಬಿಟ್ಟರಾಗದು, ಅವನ್ನು ಹೇಗೆ ಪೂರೈಸುತ್ತೇವೆ ಎಂಬ ಕಾರ್ಯಯೋಜನೆಯನ್ನೂ ಅಂಗೀಕರಿಸಬೇಕು. ಬಡತನ ನಿವಾರಣೆಗಾಗಿ ಅಲ್ಲಿ 1960ರ ದಶಕದಲ್ಲಿ ಹುಟ್ಟಿದ ಸಮುದಾಯ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಮೂರನೆಯ ಒಂದು ಭಾಗ ಚುನಾಯಿತರು ಅಥವಾ ಅವರ ಪ್ರತಿನಿಧಿಗಳು, ಕನಿಷ್ಠ ಮೂರನೆಯ ಒಂದು ಭಾಗ ಕಡಿಮೆ ಆದಾಯದ ಕುಟುಂಬಗಳ ಪ್ರತಿನಿಧಿಗಳು ಇರಬೇಕೆಂಬ ನಿಯಮವೂ ಇದೆ. ಅಂಥ ಕಟ್ಟುಪಾಡು ಇಲ್ಲದ ಮಂಡಳಿಗಳಲ್ಲಿ ನಿವೃತ್ತ ಅಧಿಕಾರಿಗಳು, ಶಿಕ್ಷಕರು, ವರ್ತಕರು, ಸಂಘಗಳ ಪದಾಧಿಕಾರಿಗಳು, ಒಟ್ಟಿನಲ್ಲಿ ಸಂಜೆಯ ಸಭೆಗೆ ಬಿಡುವಾಗಿ ಬರಬಲ್ಲವರೇ ಹೆಚ್ಚು. ಅವರಲ್ಲಿ ಸದುದ್ದೇಶಕ್ಕೆ ಕೊರತೆಯಿಲ್ಲ, ಆದರೆ ಯಾವ ಅಗತ್ಯವನ್ನು ಅಳೆಯಬೇಕೆಂಬ ಕಲ್ಪನೆಯೇ ಅವರ ಬದುಕಿನ ಅಳತೆಗೆ ತಕ್ಕಂತೆ ಇರುತ್ತದೆ.

ಅಗತ್ಯ ಎಂದರೆ ಏನು ಎಂಬುದರ ಬಗ್ಗೆ ಬ್ರಿಟನ್ನಿನ ಸಮಾಜನೀತಿ ವಿದ್ವಾಂಸ ಜೊನಾಥನ್ ಬ್ರಾಡ್‌ಶಾ 1972ರಲ್ಲಿ ಮಾಡಿದ ನಾಲ್ಕು ಬಗೆಯ ವಿಂಗಡಣೆ ಇಂದಿಗೂ ಮಂಡಳಿಯ ಮೇಜಿನ ಮೇಲೆ ಇರಬೇಕಾದದ್ದು. ತಜ್ಞರು ಒಂದು ಮಾನದಂಡ ಇಟ್ಟುಕೊಂಡು ಇಷ್ಟಿರಬೇಕಿತ್ತು, ಇಷ್ಟೇ ಇದೆ ಎಂದು ಗುರುತಿಸುವ ಅಗತ್ಯ ಒಂದು. ಜನರು ತಾವಾಗಿ ಬೇಕೆಂದು ಭಾವಿಸುವ ಅಗತ್ಯ ಇನ್ನೊಂದು. ಅರ್ಜಿ ಹಾಕಿ, ಸರತಿಯಲ್ಲಿ ನಿಂತು, ದೂರು ಕೊಟ್ಟು ವ್ಯಕ್ತಪಡಿಸಿದ ಅಗತ್ಯ ಮೂರನೆಯದು. ಇಂಥದೇ ಪರಿಸ್ಥಿತಿಯ ಪಕ್ಕದ ಪ್ರದೇಶಕ್ಕೆ ಇರುವ ಸೇವೆ ಇಲ್ಲಿಗಿಲ್ಲ ಎಂದು ಹೋಲಿಕೆಯಿಂದ ಕಾಣುವ ಅಗತ್ಯ ನಾಲ್ಕನೆಯದು. ಹೆಚ್ಚಿನ ಸಮೀಕ್ಷೆಗಳು ಎರಡನೆಯದನ್ನು ಮಾತ್ರ ಅಳೆದು, ನಾಲ್ಕನ್ನೂ ಅಳೆದಂತೆ ವರದಿ ಬರೆಯುತ್ತವೆ. ಈ ನಾಲ್ಕೂ ಒಂದೇ ದಿಕ್ಕನ್ನು ತೋರಿಸಿದರೆ ಕೆಲಸ ಸುಲಭ. ನಿಜವಾಗಿ ಉಪಯುಕ್ತವಾದದ್ದು ಅವು ಪರಸ್ಪರ ಹೊಂದದ ಜಾಗ. ತಜ್ಞರು ದೊಡ್ಡದೆನ್ನುವ ಕೊರತೆಯನ್ನು ಜನರು ಹೇಳುವುದೇ ಇಲ್ಲವಾದರೆ, ಅಥವಾ ಜನರು ಬೇಕೆನ್ನುವುದಕ್ಕೆ ಒಂದೂ ಅರ್ಜಿ ಬಂದಿಲ್ಲವಾದರೆ, ಅಲ್ಲಿ ಏನೋ ಇದೆ, ಹೋಗಿ ನೋಡಬೇಕು ಎಂದರ್ಥ.

ಹಿಂದೆ ಬೇರೊಂದು ಸಮೀಕ್ಷೆಯ ಸಂದರ್ಭದಲ್ಲಿ ಸಮೀಕ್ಷಕ ಹುಡುಗನೊಬ್ಬನ ಜೊತೆ ಮನೆಮನೆಗೆ ಹೋಗಿದ್ದೆ. ಒಂದು ಮನೆಯ ಮಹಡಿಯಲ್ಲಿ ಒಬ್ಬರೇ ಇದ್ದ ವಯಸ್ಸಾದ ಹೆಂಗಸನ್ನು ಅವನು, "ಅಜ್ಜಿ, ಆಸ್ಪತ್ರೆಗೆ ಹೋಗಿ ಬರೋದಕ್ಕೆ ನಿಮಗೆ ಏನಾದ್ರೂ ತೊಂದರೆ ಇದೆಯಾ?" ಎಂದು ಹಾಳೆಯಲ್ಲಿ ಇದ್ದಂತೆಯೇ ಕೇಳಿದ. "ಇಲ್ಲಪ್ಪಾ, ಏನೂ ತೊಂದರೆ ಇಲ್ಲ" ಎಂದರು. ಅವನು 'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದ. ಹೊರಡುವ ಮುನ್ನ ಸುಮ್ಮನೆ ಮಾತಿಗೆಂದು, ಕೊನೆಯ ಸಲ ಯಾವಾಗ ಹೋಗಿದ್ರಿ ಎಂದು ನಾನು ಕೇಳಿದೆ. "ಹೋಗೋದು ಬಿಟ್ಟು ಎಷ್ಟೋ ಕಾಲ ಆಯ್ತು. ಈ ಮೆಟ್ಟಿಲು ಇಳಿಯೋಕಾಗಲ್ಲ, ಕರ್ಕೊಂಡು ಹೋಗೋರೂ ಯಾರಿಲ್ಲ. ಹೋದ್ರೆ ತಾನೇ ತೊಂದರೆ?" ಎಂದರು. ಹಾಳೆಯ ಪ್ರಕಾರ ಆ ಮನೆಯಲ್ಲಿ ಯಾವ ಅಗತ್ಯವೂ ಇರಲಿಲ್ಲ.

ಇದು ಒಬ್ಬ ಅಜ್ಜಿಯ ಮಾತಿನ ವಿಶೇಷವೇನೂ ಅಲ್ಲ. ಅಮರ್ತ್ಯ ಸೇನ್ ಅವರು 2002ರ ಒಂದು ಲೇಖನದಲ್ಲಿ, ಜನರ ಆಯುಷ್ಯ ಹೆಚ್ಚಾಗಿರುವ ಕೇರಳದಲ್ಲಿ ತಮಗೆ ಕಾಯಿಲೆಯಿದೆ ಎಂದು ಹೇಳಿಕೊಳ್ಳುವವರ ಪ್ರಮಾಣವೂ ಹೆಚ್ಚು, ಆಯುಷ್ಯ ಕಡಿಮೆಯಿದ್ದ ಬಿಹಾರದಲ್ಲಿ ಹಾಗೆ ಹೇಳಿಕೊಳ್ಳುವವರು ಬಹಳ ಕಡಿಮೆ ಎಂಬ ವೈಪರೀತ್ಯವನ್ನು ಎತ್ತಿ ತೋರಿಸಿದ್ದರು. ಶಿಕ್ಷಣವೂ ವೈದ್ಯಕೀಯ ಸೌಲಭ್ಯವೂ ಇರುವಲ್ಲಿ ಜನರು ತಮ್ಮ ಬೇನೆಯನ್ನು ಬೇನೆಯೆಂದು ಗುರುತಿಸುತ್ತಾರೆ. ಇಲ್ಲದಲ್ಲಿ ಅದನ್ನು ಬದುಕಿನ ಭಾಗವೆಂದು ನುಂಗಿಕೊಳ್ಳುತ್ತಾರೆ. ಆದ್ದರಿಂದ ಬರೀ ದೂರುಗಳ ಎಣಿಕೆಯ ಮೇಲೆ ಅನುದಾನ ಹಂಚಿದರೆ, ಈಗಾಗಲೇ ಸೇವೆ ಇರುವ ಕಡೆಗೇ ಇನ್ನಷ್ಟು ಸೇವೆ ಹರಿಯುವ ಅಪಾಯವಿದೆ. ಮಂಡಳಿಯವರು ಇದನ್ನು ಒಪ್ಪಿಕೊಂಡರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ: ತೊಂದರೆ ಇದೆಯೇ ಎಂದು ಕೇಳುವ ಬದಲು, ಕೊನೆಯ ಸಲ ಯಾವಾಗ ಹೋದಿರಿ, ಹೇಗೆ ಹೋದಿರಿ, ಜೊತೆಗೆ ಯಾರು ಬಂದರು, ಹೋಗಬೇಕೆಂದುಕೊಂಡು ಹೋಗದೆ ಉಳಿದದ್ದು ಯಾವಾಗ ಎಂದು ಕೇಳಬೇಕಾಗುತ್ತದೆ.

ಇದರ ಬೆನ್ನಿಗೇ ಇನ್ನೊಂದು ಗೊಂದಲವೂ ಇದೆ. ಅಗತ್ಯವನ್ನು ಕೇಳಲು ಹೊರಟವರು ಪರಿಹಾರವನ್ನು ಕೇಳಿಬಿಡುತ್ತಾರೆ. "ನಮ್ಮ ಬಡಾವಣೆಗೆ ಗ್ರಂಥಾಲಯ ಬೇಕೇ?" ಎಂಬ ಪ್ರಶ್ನೆಗೆ ಬೇಡ ಎನ್ನುವವರು ಯಾರು? ಬೇಕು ಎನ್ನಲು ಕಾಸು ಖರ್ಚಿಲ್ಲ, ಬೇಡವೆಂದರೆ ಕೇಳುವವನು ಏನೆಂದುಕೊಂಡಾನು ಎಂಬ ಸಂಕೋಚ ಬೇರೆ. ಹಾಗೆ ಬಂದ ತೊಂಬತ್ತೈದು ಶೇಕಡಾ ಸಮ್ಮತಿಯಿಂದ ಏನೂ ತಿಳಿಯುವುದಿಲ್ಲ. ಇರುವ ಸ್ಥಿತಿಗೂ ಇರಬೇಕಾದ ಸ್ಥಿತಿಗೂ ನಡುವಿನ ಅಂತರವೇ ಅಗತ್ಯ ಎಂದು ಇಟ್ಟುಕೊಂಡರೆ, ಮಕ್ಕಳು ಸಂಜೆ ಎಲ್ಲಿ ಕೂತು ಓದುತ್ತಾರೆ, ಆ ಜಾಗದಲ್ಲಿ ಬೆಳಕಿದೆಯೇ, ಸದ್ದಿಲ್ಲದೆ ಇರುತ್ತದೆಯೇ ಎಂದು ಕೇಳುವುದು ಸರಿಯಾದ ಆರಂಭ. ಉತ್ತರದಲ್ಲಿ ಗ್ರಂಥಾಲಯವೂ ಬರಬಹುದು, ಶಾಲೆಯ ಕೊಠಡಿಯೊಂದನ್ನು ರಾತ್ರಿಯವರೆಗೆ ತೆರೆದಿಡುವುದೇ ಸಾಕೆಂದೂ ತಿಳಿಯಬಹುದು. ಕಟ್ಟಡದ ಆಸೆ ಮೊದಲೇ ಮನಸ್ಸಿನಲ್ಲಿ ಕೂತಿರುವ ಸದಸ್ಯರಿಗೆ ಈ ಎರಡನೆಯ ಉತ್ತರ ರುಚಿಸುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಹೊಸದಾಗಿ ಕೇಳುವ ಮೊದಲು ಈಗಾಗಲೇ ಇರುವ ಮಾಹಿತಿಯನ್ನು ಒಟ್ಟುಮಾಡಬೇಕು. ಜನಗಣತಿಯ ಅಂಕಿಅಂಶ, ಶಾಲೆ ಬಿಟ್ಟ ಮಕ್ಕಳ ಪಟ್ಟಿ, ಆರೋಗ್ಯ ಕೇಂದ್ರದ ಹೊರರೋಗಿ ದಾಖಲೆ, ನೀರಿನ ದೂರುಗಳ ನೋಂದಣಿ ಪುಸ್ತಕ, ಹಿಂದಿನ ಸಮೀಕ್ಷೆಗಳ ಧೂಳು ಹಿಡಿದ ವರದಿ ಇವೆಲ್ಲ ಯಾವುದೋ ಕಪಾಟಿನಲ್ಲಿ ಇದ್ದೇ ಇರುತ್ತವೆ. ಇವುಗಳ ಜೊತೆಗೆ, ದಿನವೂ ಮನೆಗಳಿಗೆ ಹೋಗಿಬರುವವರ ತಿಳಿವಳಿಕೆ ದೊಡ್ಡ ಆಸ್ತಿ. 1886ರಲ್ಲಿ ಲಂಡನ್ನಿನ ಬಡತನವನ್ನು ಅಳೆಯಲು ಹೊರಟ ಚಾರ್ಲ್ಸ್ ಬೂತ್, ಶಾಲಾ ಮಂಡಳಿಯ ಪರವಾಗಿ ಮನೆಮನೆಗೆ ಹೋಗುತ್ತಿದ್ದ ಸಿಬ್ಬಂದಿಯನ್ನು ಕೂರಿಸಿಕೊಂಡು ಬೀದಿಬೀದಿಯ ವಿವರ ಬರೆಸಿಕೊಂಡ. ಒಳ್ಳೆಯ ಉಪಾಯವೇ, ಆದರೆ ಆ ಸಿಬ್ಬಂದಿಗೆ ಗೊತ್ತಿದ್ದದ್ದು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿದ್ದ ಮನೆಗಳು ಮಾತ್ರ. ಉಳಿದ ಮನೆಗಳ ಸ್ಥಿತಿಯನ್ನು ಇವುಗಳಿಂದಲೇ ಊಹಿಸಬೇಕಾಯಿತು. ಯಾರ ಮೂಲಕ ಕೇಳಿದರೂ ಅವರ ಕಣ್ಣಿಗೆ ಬೀಳದವರು ಒಂದಷ್ಟು ಜನ ಉಳಿಯುತ್ತಾರೆ, ಅವರು ಯಾರೆಂಬುದನ್ನು ಆಗಲೇ ಬರೆದಿಟ್ಟುಕೊಳ್ಳಬೇಕು.

ಯಾರನ್ನು ಕೇಳಬೇಕು ಎಂಬುದೇ ನನ್ನ ಮಟ್ಟಿಗೆ ಇಡೀ ಯೋಜನೆಯ ತಿರುಳು. ಸಭೆಯಲ್ಲಿ ಈ ವಿಷಯ ಬಂದಾಗ, "ಸಾರ್, ಒಂದು ಗೂಗಲ್ ಫಾರ್ಮ್ ಮಾಡಿ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹಾಕಿಬಿಡೋಣ, ಒಂದೇ ವಾರಕ್ಕೆ ಸಾವಿರ ಉತ್ತರ ಬರುತ್ತೆ" ಎಂಬ ಸಲಹೆ ಬಂದೇ ಬರುತ್ತದೆ. ಸಾವಿರ ಬರಬಹುದು. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮಾದರಿ ಮತಪತ್ರ ಕಳುಹಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಆಗ ಅಧ್ಯಕ್ಷರಾಗಿದ್ದ ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ನ್ನು ಗೆದ್ದರು. ವಿಳಾಸಗಳನ್ನು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ ಆರಿಸಿದ್ದರಿಂದ ಅನುಕೂಲಸ್ಥರೇ ಹೆಚ್ಚಾಗಿದ್ದರು. ಅವರಲ್ಲಿಯೂ ಉತ್ತರ ಬರೆದು ಕಳುಹಿಸುವಷ್ಟು ಕಾವು ಇದ್ದವರು ರೂಸ್‌ವೆಲ್ಟರ ವಿರೋಧಿಗಳೇ ಹೆಚ್ಚಾಗಿದ್ದರು. ಅದೇ ವೇಳೆ ಜನಾಭಿಪ್ರಾಯ ಸಮೀಕ್ಷಕ ಜಾರ್ಜ್ ಗ್ಯಾಲಪ್ ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿಯಿಂದ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು. ತಪ್ಪು ಜಾಗದಿಂದ ಬಂದ ಉತ್ತರಗಳ ಸಂಖ್ಯೆ ಹೆಚ್ಚಿದಷ್ಟೂ ತಪ್ಪಿನ ಮೇಲಿನ ವಿಶ್ವಾಸ ಮಾತ್ರ ಹೆಚ್ಚುತ್ತದೆ.

ಸಂಖ್ಯೆಯ ಲೆಕ್ಕ ಅಷ್ಟು ಹೆದರಿಸುವಂಥದ್ದಲ್ಲ. ಶೇಕಡಾ 95ರ ವಿಶ್ವಾಸದಲ್ಲಿ (ಅಂದರೆ ಇಂಥ ನೂರು ಸಮೀಕ್ಷೆ ಮಾಡಿದರೆ ಸುಮಾರು ತೊಂಬತ್ತೈದರಲ್ಲಿ), ನಿಜವಾದ ಶೇಕಡಾವಾರಿಗಿಂತ ಐದು ಅಂಶ ಹೆಚ್ಚುಕಡಿಮೆಯ ಒಳಗೆ ಉತ್ತರ ಬೇಕಿದ್ದರೆ, ಲಕ್ಷ ಜನರಿರುವ ಪ್ರದೇಶಕ್ಕೆ ಸುಮಾರು 383 ಮಂದಿ ಸಾಕು. ಹತ್ತು ಸಾವಿರ ಜನರಿದ್ದರೆ 370, ಒಂದು ಸಾವಿರ ಜನರಿದ್ದರೂ 278 ಬೇಕು. ಜನಸಂಖ್ಯೆ ನೂರು ಪಟ್ಟು ಹೆಚ್ಚಿದರೂ ಮಾದರಿಯ ಗಾತ್ರ ಒಂದೂವರೆ ಪಟ್ಟೂ ಹೆಚ್ಚುವುದಿಲ್ಲ ಎಂಬುದು ಮೊದಲ ಸಲ ಕೇಳುವವರಿಗೆ ನಂಬಲಾಗದ ಮಾತು. ಆದರೆ ಇದೆಲ್ಲ ನಿಜವಾಗುವುದು ಆ ಮಂದಿಯನ್ನು ಚೀಟಿ ಎತ್ತಿದ ಹಾಗೆ ಎಲ್ಲರ ನಡುವಿನಿಂದ ಆಯ್ದಾಗ, ಮತ್ತು ಆಯ್ದವರು ಸಿಗುವವರೆಗೂ ಬಿಡದೆ ಹೋದಾಗ ಮಾತ್ರ. ಬಾಗಿಲು ಹಾಕಿದ್ದ ಮನೆಯ ಬದಲು ಪಕ್ಕದ ಮನೆಯಲ್ಲಿ ಕೇಳಿ ಬಂದರೆ, ಹಗಲೆಲ್ಲ ದುಡಿಯಲು ಹೋಗುವವರ ಜಾಗದಲ್ಲಿ ಹಗಲು ಮನೆಯಲ್ಲಿರುವವರ ಉತ್ತರ ಕೂರುತ್ತದೆ. ಇನ್ನೊಂದು ಸಂಗತಿ: ನಾನೂರು ಮಂದಿಯಲ್ಲಿ ಅಂಗವಿಕಲರಿರುವ ಮನೆಗಳು ನಲವತ್ತು ಸಿಕ್ಕವೆಂದುಕೊಳ್ಳೋಣ, ಆ ನಲವತ್ತರ ಉತ್ತರದಲ್ಲಿ ಈ ಹೆಚ್ಚುಕಡಿಮೆಯ ಅಂತರ ಐದರಿಂದ ಹದಿನೈದು ಅಂಶಗಳವರೆಗೂ ಹೋಗುತ್ತದೆ. ಯಾವ ಗುಂಪಿನ ಬಗ್ಗೆ ಮಂಡಳಿ ಮಾತಾಡಬೇಕೆಂದಿದೆಯೋ ಆ ಗುಂಪಿನವರನ್ನು ಅವರ ಪಾಲಿಗಿಂತ ಹೆಚ್ಚಾಗಿ ಆಯ್ದು, ಒಟ್ಟು ಲೆಕ್ಕ ಹಾಕುವಾಗ ಅವರ ಉತ್ತರಗಳಿಗೆ ಅವರ ನಿಜವಾದ ಪಾಲಿನಷ್ಟೇ ತೂಕ ಕೊಟ್ಟು ಸರಿಪಡಿಸಿಕೊಳ್ಳಬೇಕು. ಇದನ್ನು ಮಾಡಲು ಬಲ್ಲವರು ಹತ್ತಿರದ ಯಾವುದಾದರೂ ಕಾಲೇಜಿನ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಸಿಗುತ್ತಾರೆ, ಮೊದಲೇ ಕರೆಯಬೇಕು ಅಷ್ಟೆ. ಉತ್ತರವೆಲ್ಲ ಬಂದ ಮೇಲೆ ಕರೆದರೆ ಅವರು ಮಾಡಬಹುದಾದದ್ದು ಬಹಳ ಕಡಿಮೆ.

ಮನೆಯ ಪಟ್ಟಿಯಲ್ಲಿಯೇ ಇಲ್ಲದವರಿಗೆ ಈ ಲೆಕ್ಕವೂ ತಲುಪುವುದಿಲ್ಲ. ಬಾಡಿಗೆ ಕರಾರಿಲ್ಲದೆ ಇರುವವರು, ಕಟ್ಟಡ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿ ಇರುವವರು, ರಾತ್ರಿ ಪಾಳಿಯವರು, ಮನೆಯ ಯಜಮಾನನೇ ಎಲ್ಲರ ಪರವಾಗಿ ಉತ್ತರಿಸುವ ಮನೆಗಳ ಹೆಣ್ಣುಮಕ್ಕಳು, ಹದಿಹರೆಯದವರು ಇಂಥವರ ಜೊತೆ ಗುಂಪು ಚರ್ಚೆಯೇ ಸರಿಯಾದ ದಾರಿ. 1980ರ ದಶಕದ ಕೊನೆಯ ಭಾಗದಲ್ಲಿ ಭಾರತ, ಕೆನ್ಯಾ ಮುಂತಾದ ಕಡೆ ರೂಪುಗೊಂಡು ರಾಬರ್ಟ್ ಚೇಂಬರ್ಸ್ ಅವರ ಬರಹಗಳಿಂದ ಹೆಸರಾದ ಸಹಭಾಗಿ ವಿಧಾನದಲ್ಲಿ ಜನರೇ ನೆಲದ ಮೇಲೆ ತಮ್ಮ ಪ್ರದೇಶದ ನಕ್ಷೆ ಬರೆಯುತ್ತಾರೆ. ಪ್ರಶ್ನಾವಳಿಯಲ್ಲಿ ಎಂದೂ ಬಾರದ ಸಂಗತಿಗಳು ಆ ನಕ್ಷೆಯಲ್ಲಿ ಬರುತ್ತವೆ: ಹೆಣ್ಣುಮಕ್ಕಳು ಬರೆದ ನಕ್ಷೆಯಲ್ಲಿ ಕತ್ತಲಾದ ಮೇಲೆ ಹೋಗದ ಓಣಿಗೆ ಗುರುತು ಬಿದ್ದಿರುತ್ತದೆ, ಗಂಡಸರ ನಕ್ಷೆಯಲ್ಲಿ ಅದೇ ಓಣಿ ಬರೀ ಹತ್ತಿರದ ದಾರಿ. ಗುಂಪನ್ನು ಕೂರಿಸುವಾಗ ಮಾಲೀಕರನ್ನೂ ಕೆಲಸದವರನ್ನೂ, ಅತ್ತೆಯನ್ನೂ ಸೊಸೆಯನ್ನೂ ಒಟ್ಟಿಗೆ ಕೂರಿಸಬಾರದು. ಮಂಡಳಿಯ ಸದಸ್ಯರು ಅಲ್ಲಿ ಕುರ್ಚಿ ಹಾಕಿಕೊಂಡು ಕೂರುವುದಂತೂ ಕೂಡದು.

ಇಷ್ಟಾದ ಮೇಲೆ ಪ್ರಶ್ನಾವಳಿಗೆ ಬರಬಹುದು, ಆಗ ಅದು ತಾನಾಗಿಯೇ ಚಿಕ್ಕದಾಗಿರುತ್ತದೆ. ಒಂದೇ ಪ್ರಶ್ನೆಯಲ್ಲಿ ಎರಡನ್ನು ಕೇಳಬಾರದು ("ರಸ್ತೆ ಮತ್ತು ಚರಂಡಿ ಚೆನ್ನಾಗಿವೆಯೇ?" ಎಂದರೆ, ರಸ್ತೆ ಚೆನ್ನಾಗಿದ್ದು ಚರಂಡಿ ಕಟ್ಟಿಕೊಂಡಿರುವ ಮನೆಯವರು ಏನೆನ್ನಬೇಕು?), ಮನೆಯಲ್ಲಿ ಆಡುವ ಮಾತಿನಲ್ಲಿ ಇರಬೇಕು, ಬೆರಳೆಣಿಕೆಯ ಜನರೊಡನೆ ಮೊದಲು ಪರೀಕ್ಷಿಸಬೇಕು. ಪರೀಕ್ಷಿಸುವಾಗ ಉತ್ತರ ಬರೆದುಕೊಂಡರೆ ಸಾಲದು. ಈ ಪ್ರಶ್ನೆ ನಿಮಗೆ ಏನೆಂದು ಅರ್ಥವಾಯಿತು ಎಂದೂ ಕೇಳಬೇಕು. ಹೆಸರು, ಫೋನ್ ನಂಬರು ನಿಜವಾಗಿ ಬೇಕಿಲ್ಲದಿದ್ದರೆ ಕೇಳಲೇಬಾರದು. ಹೆಸರಿಲ್ಲದಿದ್ದರೂ ಗುರುತು ಸಿಗುವುದುಂಟು: ಒಂದು ಬೀದಿಯಲ್ಲಿ ಇಂಥ ಕಾಯಿಲೆಯವರು ಇಬ್ಬರು ಎಂದು ಕೋಷ್ಟಕದಲ್ಲಿ ಅಚ್ಚಾದರೆ ಆ ಬೀದಿಯವರಿಗೆ ಅವರು ಯಾರೆಂದು ಗೊತ್ತಾಗುತ್ತದೆ, ಆದ್ದರಿಂದ ಅಷ್ಟು ಚಿಕ್ಕ ಸಂಖ್ಯೆಗಳನ್ನು ವರದಿಯಲ್ಲಿ ತೋರಿಸಬಾರದು.

ಕೊರತೆಗಳನ್ನು ಮಾತ್ರ ಪಟ್ಟಿಮಾಡುವ ಸಮೀಕ್ಷೆಯ ಬಗ್ಗೆ ಒಂದು ಆಕ್ಷೇಪವಿದೆ, ಅದು ನ್ಯಾಯವಾದದ್ದೇ. ಅಮೆರಿಕದ ಜಾನ್ ಕ್ರೆಟ್ಸ್‌ಮನ್ ಮತ್ತು ಜಾನ್ ಮೆಕ್‌ನೈಟ್ 1993ರಲ್ಲಿ ಮಂಡಿಸಿದ ವಾದವೆಂದರೆ, ಬಡ ಪ್ರದೇಶವೊಂದನ್ನು ಬರೀ ಕೊರತೆಗಳ ಮೊತ್ತವಾಗಿ ನೋಡುತ್ತಾ ಹೋದರೆ ಅಲ್ಲಿನವರೂ ತಮ್ಮನ್ನು ಹಾಗೆಯೇ ನೋಡಿಕೊಳ್ಳತೊಡಗುತ್ತಾರೆ. ಅಲ್ಲಿರುವ ಕೌಶಲ, ಸಂಘ, ಜಾಗ, ನಂಟುಗಳನ್ನೂ ಎಣಿಸಬೇಕು. ಇದನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಹೇಳಬೇಕೆನಿಸುತ್ತದೆ: ಜನರಲ್ಲಿ ಶಕ್ತಿಯಿದೆ ಎಂಬುದು, ಕೊಡಬೇಕಾದವರು ಕೊಡದಿರಲು ನೆಪವಾಗಬಾರದು.

ಉತ್ತರಗಳು ಬಂದ ಮೇಲೆ ಆದ್ಯತೆ ನಿರ್ಧರಿಸುವ ವಿಧಾನವನ್ನು ಉತ್ತರಗಳು ಬರುವ ಮೊದಲೇ ಗೊತ್ತುಪಡಿಸಿ ನಡಾವಳಿಯಲ್ಲಿ ಬರೆಸಬೇಕೆಂದು ನಾನು ಒತ್ತಾಯಿಸುತ್ತೇನೆ. ಬಂದ ಮೇಲೆ ನಿಯಮ ಮಾಡಹೊರಟರೆ ಪ್ರತಿಯೊಬ್ಬರಿಗೂ ತಮ್ಮ ವಿಷಯ ಗೆಲ್ಲುವಂಥ ನಿಯಮವೇ ಸರಿಯೆನಿಸುತ್ತದೆ. ಸಾರ್ವಜನಿಕ ಆರೋಗ್ಯದಲ್ಲಿ ಬಳಕೆಯಲ್ಲಿರುವ ಹ್ಯಾನ್ಲನ್ ವಿಧಾನ ಇದಕ್ಕೆ ಸರಳವಾದ ಚೌಕಟ್ಟು. ಸಮಸ್ಯೆ ಎಷ್ಟು ಜನರಿಗಿದೆ, ಎಷ್ಟು ಗಂಭೀರ, ಪರಿಹಾರ ಎಷ್ಟು ಫಲಕಾರಿ ಎಂಬ ಮೂರಕ್ಕೂ ಹತ್ತರವರೆಗೆ ಅಂಕ ಕೊಟ್ಟು, ಗಂಭೀರತೆಯ ಅಂಕವನ್ನು ಇಮ್ಮಡಿಸಿ ಮೊದಲನೆಯದಕ್ಕೆ ಕೂಡಿಸಿ, ಬಂದ ಮೊತ್ತವನ್ನು ಪರಿಹಾರದ ಅಂಕದಿಂದ ಗುಣಿಸುತ್ತಾರೆ. ಜನಸಂಖ್ಯೆಗೆ 8, ಗಂಭೀರತೆಗೆ 4, ಪರಿಹಾರಕ್ಕೆ 3 ಸಿಕ್ಕ ಸಮಸ್ಯೆಗೆ 48 ಬರುತ್ತದೆ; 3, 8, 6 ಸಿಕ್ಕದ್ದಕ್ಕೆ 114. ಕೆಲವೇ ಜನರ ತೀವ್ರ ಕಷ್ಟ, ಎಲ್ಲರ ಸಣ್ಣ ಕಿರಿಕಿರಿಗಿಂತ ಮೇಲೆ ಬರುವ ಸಾಧ್ಯತೆಯನ್ನು ಈ ಲೆಕ್ಕ ಉಳಿಸುತ್ತದೆ ಎಂಬುದೇ ನನಗೆ ಇದರಲ್ಲಿ ಹಿಡಿಸಿದ್ದು. ಅಂಕ ಕೊಡುವಾಗ ಜೋರು ದನಿಯವರು ಸಭೆಯನ್ನು ಎಳೆದುಕೊಂಡು ಹೋಗದಂತೆ, ಎಲ್ಲರೂ ಮೊದಲು ಮೌನವಾಗಿ ಬರೆದು, ಸರದಿಯಂತೆ ಒಂದೊಂದಾಗಿ ಓದಿ, ಚರ್ಚಿಸಿ, ಕೊನೆಗೆ ಗುಪ್ತವಾಗಿ ಮತ ಹಾಕುವ ಕ್ರಮವನ್ನು ಇಟ್ಟುಕೊಳ್ಳಬಹುದು. ಡೆಲ್ಬೆಕ್ ಮತ್ತು ವಾನ್ ಡಿ ವೆನ್ ಎಂಬ ವಿದ್ವಾಂಸರು 1971ರಲ್ಲಿ ಇದನ್ನು ವಿವರವಾಗಿ ರೂಪಿಸಿಕೊಟ್ಟಿದ್ದಾರೆ.

ವರದಿಯನ್ನು ಮೇಲಿನವರಿಗೆ ಸಲ್ಲಿಸುವ ದಿನಾಂಕದ ಜೊತೆಗೆ, ಉತ್ತರ ಕೊಟ್ಟ ಜನರ ಮುಂದೆ ಅದನ್ನು ಓದುವ ದಿನಾಂಕವೂ ಮೊದಲ ಠರಾವಿನಲ್ಲಿಯೇ ಇರಬೇಕು. ಆ ದಿನ ಹೇಳಬೇಕಾದದ್ದು ಯಾವುದನ್ನು ಆಯ್ದುಕೊಂಡೆವು ಎಂಬುದಷ್ಟೇ ಅಲ್ಲ. ಯಾವುದನ್ನು ಬಿಟ್ಟೆವು, ಏಕೆ ಬಿಟ್ಟೆವು, ಬಿಟ್ಟದ್ದಕ್ಕೆ ಯಾವ ಕಚೇರಿಯ ಬಾಗಿಲು ತಟ್ಟಬಹುದು ಎಂಬುದನ್ನೂ ಹೇಳಬೇಕು. ಮುಂದಿನ ಸಭೆಗೆ ನಾನು ಕೊಟ್ಟಿರುವ ಸೂಚನೆಯಲ್ಲಿ ಪ್ರಶ್ನಾವಳಿಯ ಉಪಸಮಿತಿಯ ರಚನೆಯನ್ನು ಸದ್ಯಕ್ಕೆ ಮುಂದೂಡಿ, ನಿರ್ಧಾರ ಕೈಗೊಳ್ಳುವ ಅಧಿಕಾರಿಯನ್ನು ಸಭೆಗೆ ಆಹ್ವಾನಿಸಬೇಕೆಂದೂ, ಈಗಿರುವ ದಾಖಲೆಗಳ ಪಟ್ಟಿಯನ್ನು ಕಾರ್ಯದರ್ಶಿಗಳು ಸಿದ್ಧಪಡಿಸಬೇಕೆಂದೂ, ಪ್ರತಿಯೊಬ್ಬ ಸದಸ್ಯರೂ ಈ ಮಂಡಳಿಗೆ ಪರಿಚಯವೇ ಇಲ್ಲದ ಒಂದು ಗುಂಪಿನ ಹೆಸರನ್ನು ಬರೆದು ತರಬೇಕೆಂದೂ ಕೇಳಿದ್ದೇನೆ.